ಎರಡನೇ ಬ್ರೇಕು

ಜನವರಿ 6, ಸೋಮವಾರ

ಹೊಸ ಡೈರಿ. ಹಲ್ಲಿನ ಸಾಮಾನು ಮಾರುವ ಕಂಪನಿಯವರು ಇವರಿಗೆ ಕೊಟ್ಟದ್ದು. ಪ್ರತಿ ಪುಟದ ಮೂಲೆಯಲ್ಲೂ ಒಂದು ದವಡೆಹಲ್ಲು ನಗುತ್ತಿದೆ. ಹಲ್ಲಿಗೆ ಬಾಯಿ ಬರೆದು, ಆ ಬಾಯೊಳಗೆ ಮತ್ತೆ ಹಲ್ಲು ಬರೆದಿದ್ದಾರೆ. "ನನಗೆ ಬರೆಯೋಕೆ ಏನಿದೆ, ನೀನೇ ಇಟ್ಕೋ" ಅಂದರು ಇವರು. ನನಗಿದೆ. ಯಾರ ಹತ್ತಿರವೂ ಆಡದ ಮಾತು ಒಂದು ರಾಶಿ ಇದೆ, ಈ ಹಲ್ಲಿನ ಹತ್ತಿರ ಆಡುತ್ತೇನೆ.

ಇವತ್ತು ಆಸ್ಪತ್ರೆಗೆ ಹೋಗಿದ್ದೆವು. ಮಾರ್ಚಿನಲ್ಲಿ ಮತ್ತೆ ಶುರು ಮಾಡೋಣ ಎಂದರು ಡಾಕ್ಟರಮ್ಮ. ಇದು ಮೂರನೇ ಸಲ. ಇಂಜೆಕ್ಷನ್ ಚುಚ್ಚಿ ಚುಚ್ಚಿ ಮೊಟ್ಟೆ ಬೆಳೆಸುವುದು, ಮಂಪರು ಕೊಟ್ಟು ಅದನ್ನು ಹೊರಗೆ ತೆಗೆಯುವುದು, ಗಾಜಿನ ತಟ್ಟೆಯಲ್ಲಿ ಇವರದರ ಜೊತೆ ಸೇರಿಸಿ ಮತ್ತೆ ನನ್ನೊಳಗೆ ಬಿಡುವುದು, ಆಮೇಲೆ ಉಸಿರು ಬಿಗಿಹಿಡಿದು ಕಾಯುವುದು. ಎರಡು ಸಲವೂ ಕಾದದ್ದೇ ಬಂತು. ಇದೇ ಕೊನೆ, ಆಗದಿದ್ದರೆ ನಿಲ್ಲಿಸಿಬಿಡೋಣ ಎಂದು ಇವರು ಕೇಳಿಕೊಂಡರು. ನಾನೂ ಹೂಂ ಎಂದಿದ್ದೇನೆ. ಬಾಯಲ್ಲಿ ಹೂಂ. ಒಳಗೊಬ್ಬಳು ಈಗಲೇ ನಾಲ್ಕನೆಯದಕ್ಕೆ ಟೊಂಕ ಕಟ್ಟಿ ನಿಂತಿದ್ದಾಳೆ, ಅವಳನ್ನು ಇವರಿಗೆ ತೋರಿಸಿಲ್ಲ.

ಹೊರಡುವಾಗ ಇಂಜೆಕ್ಷನ್ ಕೊಡುವ ಸಿಸ್ಟರು (ನಾವಿಬ್ಬರೂ ಗುಟ್ಟಾಗಿ ಸೂಜಿ ಸಿಸ್ಟರ್ ಅನ್ನುತ್ತೇವೆ) "ಮೊಟ್ಟೆ ತೆಗೆದ ದಿನ ನೀವು ಗಾಡಿ ಓಡಿಸೋ ಹಾಗಿಲ್ಲ, ಗೊತ್ತಲ್ಲ" ಎಂದು ನೆನಪಿಸಿದರು. ಟ್ಯಾಕ್ಸಿ ಮಾಡ್ತೀವಿ ಎನ್ನುವಷ್ಟರಲ್ಲಿ ಇವರು ನಡುವೆ ಬಾಯಿ ಹಾಕಿದರು.

"ಟ್ಯಾಕ್ಸಿ ಬೇಡ. ಹೋದ ಸಲ ಅರ್ಧ ಮಂಪರಲ್ಲೇ ಆ ಡ್ರೈವರಿಗೆ ಗೇರಿನ ಪಾಠ ಮಾಡಿದಳು ಸಿಸ್ಟರ್. ಪಾಪ, ಅವನು ಅಳೋದೊಂದು ಬಾಕಿ. ಈ ಸಲ ನಾನೇ ಓಡಿಸ್ತೀನಿ."

"ನಿಮಗೆ ಬರುತ್ತಾ?"

"ಕಲೀತೀನಿ. ಮೇಡಂ ಮನೇಲೇ ಇದ್ದಾರಲ್ಲ."

ಊರಿಗೆಲ್ಲ ಕಾರು ಕಲಿಸುವವಳು ನಾನು, ಕಟ್ಟಿಕೊಂಡ ಗಂಡನಿಗೆ ಸೈಕಲ್ಲೇ ಗತಿ. ಮದುವೆಯಾಗಿ ಇಷ್ಟು ವರ್ಷದಲ್ಲಿ ಒಂದು ದಿನ ಸ್ಟಿಯರಿಂಗ್ ಮುಟ್ಟಿದವರಲ್ಲ. ಮೆಟ್ಟಿಲು ಇಳಿಯುವವರೆಗೂ ನಕ್ಕೆ. ಇವರು ಮಾತ್ರ ನಗಲಿಲ್ಲ.

ಜನವರಿ 12, ಭಾನುವಾರ

ಮೊದಲ ಪಾಠ, ಸ್ಟೇಡಿಯಂ ಹಿಂದಿನ ಬಯಲಿನಲ್ಲಿ.

ಇವರದು ಹಲ್ಲಿನ ಸೆಟ್ಟು ಮಾಡುವ ಕೆಲಸ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ಇವರು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮೇಣ ಕೊರೆದು, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಊರಿನ ಮುದುಕರ ಅರ್ಧ ನಗು ಇವರ ಕೈಯದು. ಅಂಥವರು ಗೇರು ಹಾಕುವುದನ್ನು ನೋಡಬೇಕು! ಯಾರದೋ ಒಸಡು ನೋಯುತ್ತದೇನೋ ಎಂಬಂತೆ ಮೆಲ್ಲಗೆ, ಎರಡು ಬೆರಳಿನಲ್ಲಿ. ಗಾಡಿ ಕೆಮ್ಮಿ ನಿಲ್ಲುತ್ತದೆ. "ಯಾಕೆ ನಿಂತಿತು ಮೇಡಂ?" ಎಂದು ವಿನಯದಿಂದ ಕೇಳುತ್ತಾರೆ. ಮೇಡಂ ಅನ್ನಬೇಡಿ ಅಂದರೆ ಕೇಳುವುದಿಲ್ಲ.

ಒಂದು ಕಡೆ ಗೋಡೆ ಹತ್ತಿರ ಬಂತು. ನಾನು ಅಭ್ಯಾಸಬಲದಿಂದ "ಕ್ಲಚ್ಚು ಒತ್ತೋ! ಒತ್ತೋ ಮಾರಾಯಾ!" ಎಂದು ಕಿರುಚಿದೆ. ಗಂಡನಿಗೆ! ಗಾಡಿ ನಿಂತ ಮೇಲೆ ನಾಲಿಗೆ ಕಚ್ಚಿಕೊಂಡೆ. ಇವರು ಸ್ಟಿಯರಿಂಗ್ ಮೇಲೆ ತಲೆಯಿಟ್ಟು ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನನ್ನ ಗಾಡಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಪಕ್ಕದಲ್ಲಿ ಕೂತ ನನ್ನ ಕಾಲಿಗೆ. ನನ್ನದನ್ನು ಒತ್ತಿದರೆ ಅವರದೂ ತಾನಾಗಿ ಒಳಗೆ ಹೋಗುತ್ತದೆ. ಹೊಸಬರು ಬಂದ ಮೊದಲ ವಾರ ನನ್ನ ಬಲಗಾಲು ಅದರ ಮೇಲಿಂದ ಏಳುವುದೇ ಇಲ್ಲ, ಎರಡನೇ ವಾರದಿಂದ ಮೆಲ್ಲಗೆ ತೆಗೆಯುತ್ತೇನೆ. ದಿನವಿಡೀ ಹೀಗೆ ಕೂತು ಕೂತು ಬಲಗಾಲಿನ ಮೀನಖಂಡ ಸಂಜೆಗೆ ಕಲ್ಲಾಗಿರುತ್ತದೆ. ಅತ್ತೆ ಕಳಿಸಿದ ನೋವಿನ ಎಣ್ಣೆ ತಿಕ್ಕಿಕೊಂಡು ಬರೆಯುತ್ತಿದ್ದೇನೆ, ಡೈರಿಗೂ ವಾಸನೆ ಹತ್ತಿದೆ.

ಜನವರಿ 21, ಮಂಗಳವಾರ

ಹೊಸ ವಿದ್ಯಾರ್ಥಿನಿ ಸೇರಿದ್ದಾರೆ. ಟೆಲಿಫೋನ್ ಆಫೀಸಿನಿಂದ ರಿಟೈರಾಗಿ ಎಷ್ಟೋ ವರ್ಷವಾದ ಅಜ್ಜಿ. ಈಗಲೂ ದೂರದೂರಿನ ಲೈನಿನಲ್ಲಿ ಮಾತಾಡುವಂತೆ ಕೂಗಿಯೇ ಮಾತು. ಕಾರು ಮೊದಲೇ ತಗೊಂಡು ಅಂಗಳದಲ್ಲಿ ನಿಲ್ಲಿಸಿದ್ದಾರಂತೆ, ಈಗ ಕಲಿಯಲು ಬಂದಿದ್ದಾರೆ. ಮುಂದಕ್ಕೆ ಹೋಗು ಅಂದರೆ ನಡುಗುತ್ತಾರೆ. ಹಿಂದಕ್ಕೆ ಅಂದರೆ ಕತ್ತು ತಿರುಗಿಸಿ ನೂಲು ಹಿಡಿದಂತೆ ನೆಟ್ಟಗೆ ಹೋಗುತ್ತಾರೆ. ಇಂಥ ಪ್ರಾಣಿಯನ್ನು ನಾನು ನೋಡಿಯೇ ಇರಲಿಲ್ಲ. ರಿವರ್ಸ್ ಅಜ್ಜಿ ಎಂದು ಹೆಸರಿಟ್ಟಿದ್ದೇನೆ.

"ಮಕ್ಕಳೆಷ್ಟು ನಿಂಗೆ?" ಎಂದು ಕೂಗಿದರು.

"ದಿನಾ ಏಳೆಂಟು ಜನ ಬರ್ತಾರೆ ಅಜ್ಜಿ, ಎಲ್ಲಾ ನನಗಿಂತ ದೊಡ್ಡವರು. ಕನ್ನಡಿ ನೋಡಿ, ಕನ್ನಡಿ."

ಈ ಉತ್ತರ ನನ್ನ ನಾಲಿಗೆಯ ತುದಿಯಲ್ಲಿ ಸದಾ ಸಿದ್ಧ. ಎಲ್ಲರೂ ನಗುತ್ತಾರೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಅಜ್ಜಿಯೂ ನಕ್ಕರು.

ಫೆಬ್ರವರಿ 2, ಭಾನುವಾರ

ಅತ್ತೆಯ ಫೋನು. "ಏನಮ್ಮಾ, ಏನಾದ್ರೂ ವಿಶೇಷವಾ?" ಎಂದರು. ಮಾಮೂಲು ಪ್ರಶ್ನೆ. ಕೆಟ್ಟ ಮನಸ್ಸಿನಿಂದ ಕೇಳುವವರಲ್ಲ, ಆಸೆ ತಡೆಯಲಾಗದೆ ಕೇಳುತ್ತಾರೆ. ಅದಕ್ಕೇ ನನಗೆ ಸಿಟ್ಟು ಮಾಡಿಕೊಳ್ಳಲೂ ಆಗುವುದಿಲ್ಲ.

"ಇದೆ ಅತ್ತೆ. ನಿಮ್ಮ ಮಗ ಕಾರು ಕಲೀತಿದ್ದಾರೆ."

"ಅವನಾ? ಅದೂ ವಿಶೇಷನೇ ಬಿಡು" ಎಂದರು.

ಫೆಬ್ರವರಿ 9, ಭಾನುವಾರ

ಇವರು ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾರೆ ಎಂದರೆ ನನಗೇ ಬೆರಗು. ಗೇರು ಈಗ ಕೆಮ್ಮುವುದಿಲ್ಲ. ಅದರಲ್ಲೂ ನಿಲ್ಲಿಸುವುದು! ಬೆಣ್ಣೆಯ ಮೇಲೆ ನಿಲ್ಲಿಸಿದಂತೆ. ಸಿಗ್ನಲ್ಲಿನಲ್ಲಿ, ತಿರುವಿನಲ್ಲಿ, ದನ ಅಡ್ಡ ಬಂದಲ್ಲಿ, ಎಲ್ಲೂ ಒಂದು ಜಗ್ಗು ಇಲ್ಲ. "ನೀವು ನನ್ನ ಎಲ್ಲಾ ವಿದ್ಯಾರ್ಥಿಗಳಿಗಿಂತ ಮೇಲು ಕಣ್ರೀ" ಎಂದೆ. "ಮೇಡಂ ಹಾಗೆ" ಎಂದು ಹಲ್ಲು ಕಿರಿದರು.

ಈಗ ಭಾನುವಾರ ಬಂದರೆ ಸಾಕು ಎನಿಸುತ್ತದೆ. ಪಾಠ ಮುಗಿದ ಮೇಲೆ ಬಯಲಿನಲ್ಲೇ ಕಿಟಕಿ ಇಳಿಸಿ, ಫ್ಲಾಸ್ಕಿನ ಚಹಾ ಕುಡಿದು, ಬಿಸ್ಕತ್ತು ತಿಂದು ಬರುತ್ತೇವೆ. ಆಸ್ಪತ್ರೆಯ ಮಾತು ಬರುವುದಿಲ್ಲ. ಮದುವೆಯ ಹೊಸತರಲ್ಲಿ ಹೀಗೇ ಗಂಟೆಗಟ್ಟಲೆ ಏನೇನೋ ಹರಟುತ್ತಿದ್ದೆವಲ್ಲ, ಅದು ಯಾವಾಗ ನಿಂತುಹೋಯಿತೋ ನೆನಪೇ ಇಲ್ಲ.

ಕಾಲು ನೋವು ಮಾತ್ರ ಭಾನುವಾರವೇ ಜಾಸ್ತಿ. ಯಾಕೋ.

ಫೆಬ್ರವರಿ 15, ಶನಿವಾರ

ಚಿಕ್ಕಮ್ಮನ ಮಗಳಿಗೆ ಮಗುವಾಯಿತು. ಫೋನಿನಲ್ಲಿ ಫೋಟೋ. ಕೆಂಪು ಟೋಪಿ, ಮುಷ್ಟಿ ಬಿಗಿಹಿಡಿದು ಮಲಗಿದೆ. ಮುದ್ದಾಗಿದೆ ಎಂದು ಬರೆದು ಕಳಿಸಿ, ಹೋಗಿ ಗಾಡಿ ತೊಳೆದೆ. ನಿನ್ನೆಯೂ ತೊಳೆದಿದ್ದೆ.

ಫೆಬ್ರವರಿ 23, ಭಾನುವಾರ

ಇವತ್ತು ರಿವರ್ಸ್ ಅಜ್ಜಿಯ ಹೂಕುಂಡಗಳಿಗೆ ಕೊನೆಗಾಲ ಬಂತು.

ಅಂಗಳದಲ್ಲಿ ನಿಂತೇ ಇರುವ ಗಾಡಿಯ ಬ್ಯಾಟರಿ ಸಾಯುತ್ತದೆ, ಯಾರಾದರೂ ವಾರಕ್ಕೊಮ್ಮೆ ಚಾಲೂ ಮಾಡಿ ಎರಡು ಸುತ್ತು ಹಾಕಿ ಎಂದು ಅಜ್ಜಿ ಕೇಳಿದ್ದರು. ಅಂಗಳ ವಿಶಾಲವಾಗಿದೆ, ಗೇಟು ಹಾಕಿದೆ. ನಾನು ಮಾಡ್ತೀನಿ ಎಂದು ಇವರು ಹೆಮ್ಮೆಯಿಂದ ಒಬ್ಬರೇ ಹತ್ತಿದರು. ನಾನೂ ಅಜ್ಜಿಯೂ ಜಗುಲಿಯಲ್ಲಿ ನಿಂತು ನೋಡುತ್ತಿದ್ದೆವು. ಗಾಡಿ ಚೆಂದವಾಗಿ ಹೊರಟಿತು, ಚೆಂದವಾಗಿ ತಿರುಗಿತು, ಚೆಂದವಾಗಿ ಗೋಡೆಯ ಕಡೆ ಬಂತು. ನಿಲ್ಲಲಿಲ್ಲ. ಸಾಲಾಗಿಟ್ಟ ಹೂಕುಂಡಗಳನ್ನೆಲ್ಲ ಮುರಿದು, ಗೋಡೆಗೆ ಮೂತಿ ಒತ್ತಿ ನಿಂತಿತು. ಓಡಿ ಹೋಗಿ ಬಾಗಿಲು ತೆಗೆದರೆ ಇವರಿಗೆ ಒಂದು ಗೀರೂ ಇಲ್ಲ, ಮುಖ ಮಾತ್ರ ಇವರ ಪ್ಲಾಸ್ಟರಿನ ಅಚ್ಚಿನ ಹಾಗೆ ಬಿಳುಚಿಕೊಂಡಿತ್ತು.

"ಈ ಗಾಡಿಗೆ ಬ್ರೇಕೇ ಇಲ್ಲ ಕಣೇ!"

ನಾನು ಹತ್ತಿ ಒತ್ತಿ ನೋಡಿದೆ. ಹೊಸ ಗಾಡಿ, ಹೊಸ ಬ್ರೇಕು, ಒತ್ತಿದರೆ ಒತ್ತಿದಲ್ಲೇ ನಿಲ್ಲುತ್ತದೆ.

"ಸರಿ ಇದೆಯಲ್ರೀ. ನೀವು ಒತ್ತಿದ್ರಾ?"

"ಕಾಲಿಟ್ಟೆ."

"ಕಾಲಿಟ್ಟರೆ ಆಯ್ತಾ? ಒತ್ತಬೇಕು!"

"ನಿನ್ನ ಗಾಡೀಲಿ ಕಾಲಿಟ್ಟರೆ ಸಾಕು, ಅದೇ ಒಳಗೆ ಹೋಗುತ್ತೆ."

ಆಗ ಹೊಳೆಯಿತು. ಒಂದೂವರೆ ತಿಂಗಳಿಂದ ಇವರು ಒಂದೇ ಒಂದು ಸಲವೂ ಬ್ರೇಕ್ ಹಾಕಿಲ್ಲ. ಇವರ ಕಾಲು ಅಲ್ಲಿಗೆ ಬರುವ ಮೊದಲೇ ನಾನು ಹಾಕಿಬಿಟ್ಟಿರುತ್ತಿದ್ದೆ. ಹೊರಗಿನವರಿಗೆಲ್ಲ ಎರಡನೇ ವಾರಕ್ಕೆ ತೆಗೆದ ಕಾಲನ್ನು ಗಂಡನಿಗೆ ಮಾತ್ರ ತೆಗೆದಿಲ್ಲ, ತೆಗೆದಿಲ್ಲ ಎಂಬುದು ನನಗೇ ಗೊತ್ತಿಲ್ಲ. ನಾನು ಹೊಗಳಿದ ಆ ಬೆಣ್ಣೆಯಂಥ ನಿಲ್ಲಿಸುವಿಕೆ ನನ್ನದೇ.

ಅಜ್ಜಿ ಮುರಿದ ಕುಂಡಗಳನ್ನು ನೋಡಿ "ನಾನಾಗಿದ್ರೆ ಹಿಂದಕ್ಕೆ ಬರ್ತಿದ್ದೆ" ಎಂದರು.

ಫೆಬ್ರವರಿ 24, ಸೋಮವಾರ

ನಿನ್ನೆಯಿಂದ ಇವರು ಕೆಲಸದಿಂದ ತಲೆಯೆತ್ತಿಲ್ಲ. ಸಂಜೆ ಚಹಾ ತೆಗೆದುಕೊಂಡು ಹಿಂದಿನ ಕೋಣೆಗೆ ಹೋದೆ. ಯಾರದೋ ಮೇಲ್ದವಡೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೇಣದ ವಾಸನೆ, ಸಣ್ಣ ದೀಪದ ಉರಿ. ಈ ಕೋಣೆ ನನಗೆ ಇಷ್ಟ.

"ಕುಂಡ ತಂದುಕೊಟ್ಟರಾಯ್ತು, ಅಜ್ಜಿಗೆ ಬೇಜಾರಿಲ್ಲ" ಎಂದೆ.

"ಕುಂಡದ್ದಲ್ಲ."

"ಮತ್ತೆ?"

ದವಡೆ ಕೆಳಗಿಟ್ಟರು. "ಹೋದ ಸಲ ಆಸ್ಪತ್ರೆಯಿಂದ ಫೋನ್ ಬಂತಲ್ಲ, ಆವತ್ತು ನಾನು ಮನೆಗೆ ಬರೋ ಹೊತ್ತಿಗೆ ನೀನು ಮುಖ ತೊಳೆದು, ಅಡಿಗೆ ಮಾಡಿ, ತಟ್ಟೆ ಹಾಕಿದ್ದೆ. 'ಆಗಿಲ್ಲವಂತೆ, ಪರವಾಗಿಲ್ಲ, ಊಟಕ್ಕೆ ಬನ್ನಿ' ಅಂದೆ. ನಾನು ಊಟಕ್ಕೆ ಕೂತೆ. ಅದರ ಹಿಂದಿನ ಸಲವೂ ಹಾಗೇ."

"ನಿಮಗೆ ನೋವಾಗಬಾರದು ಅಂತ..."

"ಗೊತ್ತು. ಆದರೆ ಅದು ನನ್ನದೂ ಆಗಿತ್ತಲ್ವಾ? ಅಳೋಕೂ ಬಿಡಲಿಲ್ಲ ನೀನು ನನ್ನ. ನಾನು ಕಾಲಿಡೋ ಹೊತ್ತಿಗೆ ಎಲ್ಲಾ ನಿಂತುಹೋಗಿತ್ತು."

ನನಗೆ ಸಿಟ್ಟು ಬಂತು. ಇಂಜೆಕ್ಷನ್ ಯಾರಿಗೆ, ಹೊಟ್ಟೆ ಯಾರದು, ಬಚ್ಚಲ ನಲ್ಲಿ ಬಿಟ್ಟು ಸದ್ದು ಕೇಳದ ಹಾಗೆ ಅತ್ತವರು ಯಾರು! ಅದನ್ನೇ ಅಂದೆ. ಜೋರಾಗಿಯೇ ಅಂದೆ.

"ಅದೇ ಹೇಳ್ತಿರೋದು. ನಲ್ಲಿ ಯಾಕೆ ಬಿಡಬೇಕಿತ್ತು?" ಎಂದರು.

ಚಹಾ ಆರಿಹೋಯಿತು. ಇಬ್ಬರೂ ಅದನ್ನೇ ಕುಡಿದೆವು. ಈ ಸಲ ಆಸ್ಪತ್ರೆಗೆ ಇವರ ನಂಬರು ಕೊಡಬೇಕಂತೆ, ಫೋನು ಇವರಿಗೇ ಬರಬೇಕಂತೆ. ಇಂಜೆಕ್ಷನ್ನೂ ಇವರೇ ಕೊಡುತ್ತಾರಂತೆ. ನೋಡೋಣ ಎಂದೆ. ನೋಡೋಣ ಅಲ್ಲ, ಹೂಂ ಅನ್ನು ಎಂದರು. ಹೂಂ ಎಂದೆ.

ಫೆಬ್ರವರಿ 27, ಗುರುವಾರ

ಪಾಠ ಮೊದಲಿನಿಂದ. ಹೊಸ ಕಾನೂನು ಇವರದು: ಮೇಡಂ ಚಪ್ಪಲಿ ಬಿಟ್ಟು ಸೀಟಿನ ಮೇಲೆ ಕಾಲು ಮಡಚಿ ಕೂರಬೇಕು. ಚಕ್ಕಂಬಕ್ಕಳ ಹಾಕಿ ಕಾರು ಕಲಿಸುವವಳನ್ನು ಈ ಭೂಮಿ ಇನ್ನೂ ನೋಡಿರಲಿಕ್ಕಿಲ್ಲ.

ಅಯ್ಯೋ, ಎಂಥ ಹಿಂಸೆ! ಪ್ರತಿ ತಿರುವಿಗೂ ಕಾಲು ತಾನಾಗಿ ಕೆಳಗೆ ಇಳಿಯಲು ನೋಡುತ್ತದೆ, ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಕೂತೆ. ಇವರು ಒತ್ತಿದರೆ ಗಾಡಿ ಮುಗ್ಗರಿಸುತ್ತದೆ, ಹಣೆ ಮುಂದಕ್ಕೆ ಹೋಗುತ್ತದೆ. ಬೆಣ್ಣೆಯೂ ಇಲ್ಲ, ಏನೂ ಇಲ್ಲ. "ಸಾರಿ ಮೇಡಂ" ಎನ್ನುತ್ತಾರೆ, ಮತ್ತೆ ಹೊರಡುತ್ತಾರೆ. ಅಷ್ಟು ಮುಗ್ಗರಿಸಿದರೂ ಎಲ್ಲಿಗೂ ಗುದ್ದಲಿಲ್ಲ.

ಮಾರ್ಚ್ 7, ಶುಕ್ರವಾರ

ಪಾಸ್! ಪರೀಕ್ಷೆ ಮಾಡುವ ಸಾಹೇಬರು "ನಿಮ್ಮ ಹೆಂಡತಿಯ ಶಿಷ್ಯ ಅಂತ ನಾನೇನೂ ರಿಯಾಯಿತಿ ಕೊಟ್ಟಿಲ್ಲ, ಬ್ರೇಕ್ ಮಾತ್ರ ಸ್ವಲ್ಪ ಒರಟು" ಎಂದರಂತೆ. ಒರಟಾದರೇನು, ಇವರದೇ. ನನಗೆ ಕುಣಿಯುವಷ್ಟು ಖುಷಿಯಾಯಿತು. ಅಜ್ಜಿಗೆ ಹೊಸ ಕುಂಡಗಳನ್ನು ಇವರೇ ಗಾಡಿಯಲ್ಲಿ ತುಂಬಿಕೊಂಡು ಹೋಗಿ ಇಳಿಸಿ ಬಂದರು.

ಮಾರ್ಚ್ 10, ಸೋಮವಾರ

ಇಂಜೆಕ್ಷನ್ ಶುರುವಾಯಿತು. ಹಿಂದಿನ ಎರಡು ಸಲವೂ ಬಚ್ಚಲ ಬಾಗಿಲು ಹಾಕಿಕೊಂಡು ನಾನೇ ಚುಚ್ಚಿಕೊಂಡಿದ್ದೆ. ಈ ಸಲ ಹಿಂದಿನ ಕೋಣೆಯಲ್ಲಿ, ಹಲ್ಲಿನ ಸೆಟ್ಟುಗಳ ನಡುವೆ, ಇವರ ಕೆಲಸದ ದೀಪದ ಕೆಳಗೆ. ಬೆಳಗಿನಿಂದ ಮೇಣ ಕೊರೆದ ಕೈ, ನಡುಗುವುದೇ ಇಲ್ಲ. ಚುಚ್ಚಿದ್ದೇ ಗೊತ್ತಾಗಲಿಲ್ಲ. ಆದರೆ ಸೂಜಿ ತೆಗೆದ ಮೇಲೆ ಇವರ ಹಣೆಯಲ್ಲಿ ಬೆವರಿತ್ತು. ಸೆರಗಿನಿಂದ ಒರೆಸಿದೆ. ಕಪಾಟಿನ ತುಂಬ ಹಲ್ಲುಗಳು ನಮ್ಮನ್ನು ನೋಡಿ ಕಿಸಿಯುತ್ತಿದ್ದವು.

ಮಾರ್ಚ್ 21, ಶುಕ್ರವಾರ

ಮೊಟ್ಟೆ ತೆಗೆದದ್ದು ನಿನ್ನೆ. ನನಗೆ ನೆನಪಿರುವುದು ಸೂಜಿ ಸಿಸ್ಟರ್ ಕೈ ಹಿಡಿದದ್ದು, ಆಮೇಲೆ ನಮ್ಮ ಮನೆಯ ಮಂಚ. ನಡುವಿನದನ್ನು ಇವರು ಹೇಳಿದರು. ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರಂತೆ. ಮುಂದೆ ಕೂರಿಸಿದರೆ ಮಂಪರಲ್ಲೂ ಬ್ರೇಕ್ ಒತ್ತಿಯೇನು ಎಂಬ ಭಯ. ಅಲ್ಲೂ ಬಿಡಲಿಲ್ಲವಂತೆ. ಪ್ರತಿ ಸಿಗ್ನಲ್ಲಿಗೂ ಕಾಲಿನಿಂದ ಬಾಗಿಲನ್ನು ಒತ್ತುತ್ತಿದ್ದೆನಂತೆ.

"ಗೇರ್ ಪಾಠ ಮಾಡಿದ್ನಾ?"

"ಇಲ್ಲ. 'ನಿಧಾನ, ಪರವಾಗಿಲ್ಲ, ನಿಧಾನ' ಅಂತಿದ್ದೆ."

ನಾನು ಕಲಿಯುವವರಿಗೆ ಹೇಳುವ ಮಾತು ಅದು. ಇವರಿಗೆ ಹೇಳಿದೆನೋ ನನಗೇ ಹೇಳಿಕೊಂಡೆನೋ.

ಮಾರ್ಚ್ 25, ಮಂಗಳವಾರ

ಒಳಗೆ ಬಿಟ್ಟರು. ಪರದೆಯ ಮೇಲೆ ತೋರಿಸಿದರು, ಎರಡು ಬಿಳಿ ಚುಕ್ಕೆ. ಅರದಿಂದ ಉಜ್ಜುವಾಗ ಬೀಳುವ ಪುಡಿಗಿಂತ ಸಣ್ಣದು ಎಂದರು ಇವರು. ಇವರು ಅದರ ಮೇಲಿಂದ ಕಣ್ಣು ಕೀಳಲೇ ಇಲ್ಲ. ಡಾಕ್ಟರಮ್ಮ ಪರದೆ ಆರಿಸಿದ ಮೇಲೂ ನೋಡುತ್ತಿದ್ದರು.

ಏನೇ ಆಗಲಿ, ಇವತ್ತು ನಾವು ನಾಲ್ಕು ಜನ ಮನೆಗೆ ಬಂದೆವು.

ಏಪ್ರಿಲ್ 2, ಬುಧವಾರ

ಗಾಡಿಯಲ್ಲಿ ಕೂರಬಹುದು ಎಂದು ಡಾಕ್ಟರಮ್ಮ ಹೇಳಿದ ಮೇಲೆ ಪಾಠ ಮತ್ತೆ ಶುರು. ರಿವರ್ಸ್ ಅಜ್ಜಿ ಈಗ ಮುಂದಕ್ಕೂ ಹೋಗುತ್ತಾರೆ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಹಳೆಯ ಪ್ರಶ್ನೆಯನ್ನು ಮರೆತು ಮತ್ತೆ ಕೇಳಿದರು.

"ನಿಂಗೆ ಮಕ್ಕಳೆಷ್ಟು ಅಂದೆ?"

ಏಳೆಂಟು ಜನ ಎನ್ನಲು ಬಾಯಿ ತೆರೆದೆ. "ಇಲ್ಲ ಅಜ್ಜಿ. ಆಗಿಲ್ಲ. ಆಸ್ಪತ್ರೇಲಿ ಮಾಡಿಸ್ಕೊಳ್ತಿದ್ದೀವಿ, ಮೂರನೇ ಸಲ. ಮುಂದಿನ ವಾರ ಗೊತ್ತಾಗುತ್ತೆ" ಎಂಬ ಮಾತು ಬಂತು. ಎಲ್ಲಿಂದ ಬಂತೋ.

ಅಜ್ಜಿ ನನ್ನ ಮುಖ ನೋಡಿದರು. "ಹೌದಾ," ಎಂದರು, ಮೊದಲ ಸಲ ಮೆಲ್ಲನೆಯ ದನಿಯಲ್ಲಿ. ಆಮೇಲೆ "ಇಲ್ಲಿ ಎಡಕ್ಕೆ ತಿರುಗಿಸ್ಲಾ?"

"ತಿರುಗಿಸಿ."

ಇಷ್ಟೇ. ಇಷ್ಟಕ್ಕೆ ಇಷ್ಟು ವರ್ಷ ಹೆದರಿದ್ದೆನಲ್ಲ ಎಂದು ನಗು ಬಂತು.

ಏಪ್ರಿಲ್ 8, ಮಂಗಳವಾರ

ಬೆಳಿಗ್ಗೆ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ನಾನು ಅಜ್ಜಿಯ ಪಾಠಕ್ಕೆ ಹೋದೆ. ಫೋನು ಇವರಿಗೆ ಬರುವುದು. ಮಾತು ಕೊಟ್ಟಿದ್ದೇನೆ, ಆಸ್ಪತ್ರೆಗೆ ನಾನಾಗಿ ಫೋನ್ ಮಾಡುವ ಹಾಗಿಲ್ಲ. ಮಾಡಲಿಲ್ಲ.

ಬಯಲಿನ ಆ ತುದಿಯಿಂದ ಅಜ್ಜಿಯ ಕಾರು ಬರುವುದು ಕಂಡಿತು. ಬ್ಯಾಟರಿಗೆಂದು ಅದರ ಕೀಲಿ ಇವರ ಹತ್ತಿರವೇ ಇದೆ. ಇವರೊಬ್ಬರೇ ಓಡಿಸಿಕೊಂಡು ಬರುತ್ತಿದ್ದರು, ನಿಧಾನಕ್ಕೆ, ನೆಟ್ಟಗೆ. ಬರುವ ರೀತಿಯಲ್ಲೇ ನನಗೆ ಗೊತ್ತಾಯಿತು. ನಮ್ಮ ಪಕ್ಕಕ್ಕೆ ಬಂದು ಸರಿಯಾಗಿ ನಿಲ್ಲಿಸಿದರು. ಅಜ್ಜಿ ಏನೂ ಕೇಳದೆ ಇಳಿದು ಹೋಗಿ ತಮ್ಮ ಗಾಡಿಯಲ್ಲಿ ಕೂತರು, ಇವರು ಅಜ್ಜಿಯ ಜಾಗಕ್ಕೆ ಬಂದರು.

"ಆಗಿಲ್ಲ ಕಣೇ," ಎಂದರು.

ಪರವಾಗಿಲ್ಲ ಎಂಬ ಮಾತು ನನ್ನ ತುಟಿಯವರೆಗೆ ಬಂದಿತ್ತು. ಹೇಳಲಿಲ್ಲ. ಇವರು ಸ್ಟಿಯರಿಂಗ್ ಹಿಡಿದು ಅಳತೊಡಗಿದರು. ಗಂಡಸರು ಅಳುವುದನ್ನು ನೋಡಿದ್ದೇನೆ, ಇವರು ಅತ್ತದ್ದನ್ನು ನೋಡಿರಲಿಲ್ಲ. ಸಣ್ಣ ಮಕ್ಕಳ ಹಾಗೆ, ಬಾಯಿ ತೆರೆದು, ಮೂಗು ಸುರಿಸಿಕೊಂಡು. "ಎರಡು ಇದ್ದವಲ್ಲ, ನಾನು ನೋಡಿದ್ನಲ್ಲ" ಎಂದು ಅದನ್ನೇ ಹೇಳುತ್ತಿದ್ದರು. ನಾನು ಸುಮ್ಮನೆ ಬೆನ್ನ ಮೇಲೆ ಕೈಯಿಟ್ಟು ಕೂತೆ. ಯಾವಾಗಲೋ ನನಗೂ ಅಳು ಬಂತು. ನಲ್ಲಿ ಇಲ್ಲ, ಬಾಗಿಲು ಇಲ್ಲ, ನಡು ಬಯಲು. ಎಷ್ಟು ಅತ್ತೆವೋ.

ತಲೆಯೆತ್ತಿದಾಗ ಅಜ್ಜಿಯ ಗಾಡಿ ಪಕ್ಕದಲ್ಲಿಲ್ಲ. ಗಾಬರಿಯಾಗಿ ನೋಡಿದರೆ, ನಮಗಾಗಿ ಕಾದು ಬೇಸರವಾಗಿ ಅಜ್ಜಿ ಒಬ್ಬರೇ ಗಾಡಿ ತೆಗೆದಿದ್ದಾರೆ. ಕತ್ತು ತಿರುಗಿಸಿ ಹಿಂದು ಹಿಂದಕ್ಕೆ ಇಡೀ ಬಯಲಿಗೆ ದೊಡ್ಡ ಸುತ್ತು ಹಾಕುತ್ತಿದ್ದಾರೆ. ನಮ್ಮ ಮುಂದೆ ಹಾದುಹೋಗುವಾಗ ಹಾರ್ನ್ ಬೇರೆ. ಇವರು ಅಳುತ್ತಲೇ "ನೋಡೇ, ನೋಡೇ ಅಲ್ಲಿ" ಎಂದರು. ಮೂಗೊರೆಸಿಕೊಂಡು ಇಬ್ಬರೂ ನಕ್ಕೆವು. ನಗುವಾಗಲೂ ಕಣ್ಣೀರು ನಿಂತಿರಲಿಲ್ಲ.

ಮನೆಗೆ ಬಂದು ಇವರೇ ಬ್ರೆಡ್ಡು ಸುಟ್ಟರು. ಕರ್ರಗೆ ಸೀಯಿಸಿದರು. ತಿಂದೆವು.

ಏಪ್ರಿಲ್ 10, ಗುರುವಾರ

ಅತ್ತೆಗೆ ಇವರೇ ಫೋನ್ ಮಾಡಿ ಹೇಳಿದರು. ನಾನು ಹೇಳ್ತೀನಿ ಕೊಡಿ ಎನ್ನಲಿಲ್ಲ.

ಏಪ್ರಿಲ್ 16, ಬುಧವಾರ

ಸೂಜಿ ಸಿಸ್ಟರ್ ಫೋನ್ ಮಾಡಿದ್ದರು. ಇನ್ನೊಂದು ಸಲ ನೋಡುವುದಾದರೆ ಡಾಕ್ಟರಮ್ಮನ ಹತ್ತಿರ ಮಾತಾಡಲು ಸಮಯ ಕೊಡುತ್ತೇನೆ ಎಂದರು. ನನ್ನೊಳಗೆ ಟೊಂಕ ಕಟ್ಟಿ ನಿಂತಿದ್ದವಳು ಏನನ್ನುತ್ತಾಳೋ ಎಂದು ಕಾದೆ. ನಾಳೆ ಹೇಳ್ತೀನಿ ಎಂದೆ.

ಏಪ್ರಿಲ್ 28, ಸೋಮವಾರ

ನಾಳೆ ಅಂದವಳು ಮರೆತೇಬಿಟ್ಟಿದ್ದೆ! ಇವತ್ತು ಗಾಡಿಯ ಇನ್ಶೂರೆನ್ಸಿನವರಿಗೆ ಫೋನ್ ಮಾಡುವಾಗ ನೆನಪಾಯಿತು. ಮೊದಲು ಹಿಂದಿನ ಕೋಣೆಗೆ ಹೋಗಿ ಇವರನ್ನು ಕೇಳಿದೆ.

"ಸಾಕು ಅಂತ ಹೇಳಿಬಿಡ್ಲಾ?"

"ನಿನಗೆ ಸಾಕಾ?"

ಯೋಚಿಸಿದೆ. "ಸಾಕು. ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಸಾಕು" ಎಂದೆ. ಇವರ ಪಕ್ಕದಲ್ಲೇ ನಿಂತು ಸಿಸ್ಟರಿಗೆ ಹೇಳಿದೆ. ಅವರು ಒಳ್ಳೆಯವರು, ಯಾವಾಗಲಾದರೂ ಈ ಕಡೆ ಬಂದರೆ ಮಾತಾಡಿಸಿಕೊಂಡು ಹೋಗಿ ಎಂದರು. ಫೋನಿಟ್ಟ ಮೇಲೆ ಅಳು ಬರಬಹುದು ಎಂದು ಸ್ವಲ್ಪ ಹೊತ್ತು ಕೂತೆ. ಹಸಿವಾಯಿತು.

ಮೇ 11, ಭಾನುವಾರ

ಅತ್ತೆಯ ಊರಿಗೆ ಹೋಗಿ ಬಂದೆವು. ನನ್ನ ಗಾಡಿಯ ಕ್ಲಚ್ಚು ಕೈಕೊಟ್ಟಿದೆ, ಅಜ್ಜಿ ತಮ್ಮದನ್ನು ಕೊಟ್ಟರು. "ಮುಂದಕ್ಕೇ ಓಡಿಸಿ, ಅದಕ್ಕೂ ಅಭ್ಯಾಸವಾಗ್ಲಿ" ಎಂದು ಕೂಗಿ ಕಳಿಸಿದರು.

ಅತ್ತೆ ಬಾಗಿಲಲ್ಲೇ ನಿಂತು ಮಗ ಗಾಡಿ ನಿಲ್ಲಿಸುವುದನ್ನು ನೋಡಿದರು. ನನ್ನನ್ನು ವಿಶೇಷ ಏನು ಎಂದು ಕೇಳಲಿಲ್ಲ, ಕೈ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋದರು. ಹೊರಡುವಾಗ "ಎಣ್ಣೆ ಮುಗಿದಿರ್ಬೇಕಲ್ಲಮ್ಮ, ಇನ್ನೊಂದು ಸೀಸೆ ಕೊಡ್ಲಾ?" ಎಂದರು. ಇನ್ನೂ ಮುಕ್ಕಾಲು ಇದೆ ಅತ್ತೆ ಎಂದೆ. ಅದನ್ನು ಮುಟ್ಟಿ ಎಷ್ಟು ದಿನವಾಯಿತೋ, ಯಾಕೋ ನೆನಪೇ ಆಗುವುದಿಲ್ಲ.

ವಾಪಸು ಬರುವಾಗ ಸಂಜೆ ಬಿಸಿಲು ಮುಖಕ್ಕೆ ಬೀಳುತ್ತಿತ್ತು. ಇವರು ಯಾರದೋ ವಿಚಿತ್ರ ಹಲ್ಲಿನ ಕಥೆ ಹೇಳುತ್ತಿದ್ದರು, ಅಜ್ಜನೊಬ್ಬ ತನ್ನ ಸೆಟ್ಟಿನಲ್ಲಿ ಹಳೆಯ ಓರೆಹಲ್ಲು ಹಾಗೇ ಬೇಕು ಎಂದು ಹಟ ಹಿಡಿದನಂತೆ. ಅವನಿಗೆ ಕೊನೆಗೆ ಓರೆಹಲ್ಲು ಸಿಕ್ಕಿತೋ ಇಲ್ಲವೋ ನನಗೆ ಗೊತ್ತಿಲ್ಲ, ನಾಳೆ ಕೇಳಬೇಕು. ನಾನು ನಿದ್ದೆ ಹೋಗಿಬಿಟ್ಟಿದ್ದೆ. ಚಲಿಸುವ ಗಾಡಿಯಲ್ಲಿ, ಮುಂದಿನ ಸೀಟಿನಲ್ಲಿ, ನಾನು!

ಎಚ್ಚರವಾದಾಗ ಗಾಡಿ ನಮ್ಮ ಮನೆಯ ಮುಂದೆ ನಿಂತಿತ್ತು. ಕಾಲು ಸೀಟಿನ ಮೇಲೆ ಮಡಚಿತ್ತು, ಚಪ್ಪಲಿ ಎಲ್ಲೋ ಸೀಟಿನಡಿ ಹೋಗಿತ್ತು. ದಾರಿಯಲ್ಲಿ ಎಲ್ಲೆಲ್ಲಿ ಬ್ರೇಕ್ ಹಾಕಿದರೋ, ನನಗೆ ಒಂದೂ ಗೊತ್ತಾಗಲಿಲ್ಲ.